ಟ್ರ್ಯಾಕ್ಟರಿಗೆ ಸಲಕರಣೆ ಹೂಡುವ ಕೊಂಡಿ

ಟ್ರ್ಯಾಕ್ಟರು ಹೊಲ ಉಳುತ್ತದೆ ಎಂದು ನಾವೆಲ್ಲರೂ ಹೇಳುತ್ತೇವೆ. ವಿಚಾರಿಸಿ ನೋಡಿದರೆ ಟ್ರ್ಯಾಕ್ಟರು ತಾನಾಗಿ ಉಳುವುದೂ ಇಲ್ಲ, ಬಿತ್ತುವುದೂ ಇಲ್ಲ. ಎತ್ತಿನ ಹಾಗೆ ಅದೂ ಎಳೆಯುವ ಪ್ರಾಣಿಯೇ. ಉಳುವುದು ಅದರ ಹಿಂದೆ ಹೂಡಿದ ನೇಗಿಲು, ಹೆಂಟೆ ಪುಡಿಮಾಡುವುದು ರೋಟಾವೇಟರು, ಬೀಜ ಬಿಡುವುದು ಕೂರಿಗೆ. ಒಂದೇ ಟ್ರ್ಯಾಕ್ಟರು ಮುಂಜಾನೆ ಕಲ್ಟಿವೇಟರು ಹೊತ್ತು ಹೋಗಿ, ಮಧ್ಯಾಹ್ನ ಅದನ್ನು ಬಿಟ್ಟು ರೋಟಾವೇಟರು ಹೂಡಿಕೊಂಡು, ಸಂಜೆಗೆ ಟ್ರೇಲರು ಎಳೆದುಕೊಂಡು ಹೊರಡುವುದುಂಟು. ಈ ಬಿಡುವ, ಹೂಡುವ ಕೆಲಸ ದೂರದಿಂದ ನೋಡುವವರಿಗೆ ಅಲ್ಪವಾಗಿ ಕಾಣುವುದು. ಆದರೆ ಬೆರಳು ಜಜ್ಜುವುದೂ, ಕಾಲು ಮುರಿಯುವುದೂ, ಕೆಲವೊಮ್ಮೆ ಪ್ರಾಣವೇ ಹೋಗುವುದೂ ಈ ಹೊತ್ತಿನಲ್ಲಿಯೇ. ಇದನ್ನು ಹಗುರ ಮಾಡಲೆಂದು ಬಂದ ಒಂದು ಕಬ್ಬಿಣದ ಚೌಕಟ್ಟಿಗೆ ಕ್ವಿಕ್ ಹಿಚ್ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ತಟ್ಟನೆ ಹೂಡುವ ಕೊಂಡಿ.

ಪಟ್ಟಣದಲ್ಲಿ ಕಾರಖಾನೆ, ಕಚೇರಿ, ಹೋಟೆಲುಗಳಲ್ಲಿ ದುಡಿಯುವ ನಮಗೆ ಇದರ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಅನೇಕರು ಊರಿನ ಟ್ರ್ಯಾಕ್ಟರಿನ ಕಂತನ್ನು ಇಲ್ಲಿಯ ಸಂಬಳದಿಂದಲೇ ತುಂಬುತ್ತಿದ್ದಾರೆ. ಅದನ್ನು ನಡೆಸುವವನು ಊರಲ್ಲಿರುವ ತಮ್ಮ. ಹಿಂದೆ ನಿಂತು ಪಿನ್ನು ಹಾಕುವವನು ಶಾಲೆಗೆ ಹೋಗುವ ಅಣ್ಣನ ಮಗ. "ಕ್ವಿಕ್ ಹಿಚ್ ಹಾಕಿಸಬೇಕು, ಇಷ್ಟು ಹಣ ಕಳಿಸು" ಎಂದು ಊರಿನಿಂದ ಫೋನು ಬಂದರೆ ಹೂಂ ಎನ್ನಬೇಕೋ ಬೇಡವೆನ್ನಬೇಕೋ ತಿಳಿಯಬೇಕಲ್ಲ. ಹಣದ ಮಾತು ಹಾಗಿರಲಿ, ಆ ಹುಡುಗ ಎಲ್ಲಿ ನಿಲ್ಲಬಾರದೆಂದು ಹೇಳುವುದಕ್ಕಾದರೂ ಈ ವಿಷಯ ಗೊತ್ತಿರಬೇಕು.

ಎತ್ತು ಹೂಡುವುದನ್ನು ನಮ್ಮಲ್ಲಿ ಬಹುಮಂದಿ ಚಿಕ್ಕಂದಿನಲ್ಲಿ ಕಂಡವರೇ. ನೊಗ ಎತ್ತಿ ಹಿಡಿದು ಬಾಯಲ್ಲಿ ಸದ್ದು ಮಾಡಿದರೆ ಪಳಗಿದ ಎತ್ತು ತಾನೇ ಬಂದು ಕೊರಳು ಕೊಡುತ್ತದೆ. ಜತ್ತಿಗೆ ಕಟ್ಟಿ, ಈಸನ್ನು ನೊಗಕ್ಕೆ ಮಿಣಿಯಿಂದ ಬಿಗಿದರೆ ಆಯಿತು. ಒಂದು ಗೇಣು ಆಚೀಚೆ ನಿಂತಿದ್ದರೆ ಎತ್ತೇ ಸರಿದುಕೊಳ್ಳುತ್ತದೆ. ಟ್ರ್ಯಾಕ್ಟರಿಗೆ ಈ ತಿಳಿವಳಿಕೆ ಇಲ್ಲ. ಅದರ ತೋಳಿನ ತೂತು ಅರ್ಧ ಅಂಗುಲ ತಪ್ಪಿದರೂ ಸಲಕರಣೆಯ ಪಿನ್ನು ಒಳಗೆ ಹೋಗುವುದಿಲ್ಲ. ಆ ಅರ್ಧ ಅಂಗುಲಕ್ಕಾಗಿಯೇ ಈ ಎಲ್ಲ ಪಡಿಪಾಟಲು.

ಈಗಿನ ಟ್ರ್ಯಾಕ್ಟರಿನ ಬೆನ್ನ ಹಿಂದೆ ನಿಂತು ನೋಡಿದರೆ ಮೂರು ತೋಳುಗಳು ಕಾಣುತ್ತವೆ. ಕೆಳಗೆ ಎಡಕ್ಕೊಂದು, ಬಲಕ್ಕೊಂದು. ಮೇಲೆ ನಡುವೆ ಒಂದು. ಇದಕ್ಕೆ ತ್ರೀ ಪಾಯಿಂಟ್ ಲಿಂಕೇಜ್ ಎನ್ನುವರು. ಕ್ವಿಕ್ ಹಿಚ್ ಕುಳಿತುಕೊಳ್ಳುವುದು ಈ ಮೂರು ತೋಳುಗಳ ಮೇಲೆಯೇ ಆದುದರಿಂದ ಮೊದಲು ಇವುಗಳ ಕಥೆಯನ್ನು ತಿಳಿಯುವುದು ಮೇಲು.

ಮೊದಲಿನ ಟ್ರ್ಯಾಕ್ಟರುಗಳು ನೇಗಿಲನ್ನು ಸರಪಣಿಯಿಂದಲೋ ಒಂದೇ ಕೊಕ್ಕೆಯಿಂದಲೋ ಎಳೆಯುತ್ತಿದ್ದವು. ನೇಗಿಲಿನ ಕುಳ ಬಂಡೆಗೆ ಸಿಕ್ಕಿತೆನ್ನಿ. ನೇಗಿಲು ನಿಂತಿತು, ಎಂಜಿನು ನಿಲ್ಲಲಿಲ್ಲ. ಹಿಂದಿನ ಗಾಲಿಗಳು ಮುಂದಕ್ಕೆ ಉರುಳಲಾರದೆ ಹೋದಾಗ ಎಂಜಿನಿನ ಬಲವು ಟ್ರ್ಯಾಕ್ಟರಿನ ಒಡಲನ್ನೇ ಹಿಂದಿನ ಅಚ್ಚಿನ ಸುತ್ತ ತಿರುಗಿಸತೊಡಗುತ್ತದೆ. ಮೂತಿ ಮೇಲೇಳುತ್ತದೆ, ಹಾವು ಹೆಡೆ ಎತ್ತಿದಂತೆ ಎದ್ದು ಹಿಂದಕ್ಕೆ, ಚಾಲಕನ ಮೇಲೆಯೇ ಮಗುಚುತ್ತದೆ. 1917ರಿಂದ ಅಮೆರಿಕದಲ್ಲಿ ತಯಾರಾದ ಫೋರ್ಡ್‌ಸನ್ ಟ್ರ್ಯಾಕ್ಟರು ಅಗ್ಗವೆಂದು ಬಹಳ ಮಾರಾಟವಾಯಿತು. ಹೀಗೆ ಮಗುಚಿ ಪ್ರಾಣ ತೆಗೆಯುತ್ತದೆಂಬ ಅಪಕೀರ್ತಿಯನ್ನೂ ಹೊತ್ತುಕೊಂಡಿತು.

ಇದಕ್ಕೆ ಮದ್ದು ಕಂಡುಹಿಡಿದವನು ಹ್ಯಾರಿ ಫರ್ಗ್ಯುಸನ್. ಆತ 1884ರಲ್ಲಿ ಐರ್ಲೆಂಡಿನ ಉತ್ತರ ಭಾಗದ ಡೌನ್ ಎಂಬ ಜಿಲ್ಲೆಯಲ್ಲಿ, ಒಕ್ಕಲು ಮನೆಯಲ್ಲಿ ಹುಟ್ಟಿದವನು. ಹೊಲದ ದುಡಿತ ಹಿಡಿಸದೆ ಬೆಲ್‌ಫಾಸ್ಟಿನಲ್ಲಿ ಅಣ್ಣನ ಮೋಟಾರು ರಿಪೇರಿ ಅಂಗಡಿ ಸೇರಿದ. 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನವನ್ನು ಹಾರಿಸಿ ಐರ್ಲೆಂಡಿನಲ್ಲಿ ಮೊದಲು ಹಾರಿದವನೆನಿಸಿಕೊಂಡ. ಹೊಲ ಬಿಟ್ಟು ಓಡಿದವನನ್ನು ಹೊಲವೇ ಮತ್ತೆ ಕರೆಯಿತೆನ್ನಬೇಕು. ಮೊದಲನೆಯ ಮಹಾಯುದ್ಧದಲ್ಲಿ ಆಹಾರದ ಅಭಾವ ಬಂದಾಗ, 1917ರಲ್ಲಿ, ಐರ್ಲೆಂಡಿನ ಟ್ರ್ಯಾಕ್ಟರುಗಳು ಸರಿಯಾಗಿ ಕೆಲಸ ಮಾಡುವಂತೆ ನೋಡಿಕೊಳ್ಳುವ ಜವಾಬ್ದಾರಿ ಸರಕಾರದಿಂದ ಅವನ ಮೇಲೆ ಬಿದ್ದಿತು. ಊರೂರು ತಿರುಗಿ ನೋಡಿದಾಗ ಆತನಿಗೆ ತಿಳಿದದ್ದೇನೆಂದರೆ, ದೋಷವಿರುವುದು ಎಂಜಿನಿನಲ್ಲಿ ಅಷ್ಟಾಗಿ ಇಲ್ಲ, ನೇಗಿಲನ್ನು ಟ್ರ್ಯಾಕ್ಟರಿಗೆ ಹೂಡುವ ರೀತಿಯಲ್ಲಿದೆ ಎಂಬುದು.

ಒಲೆಯ ಮೂರು ಗುಂಡಿನ ಮೇಲೆ ಮಡಕೆ ಅಲುಗದೆ ಕೂಡುವುದನ್ನು ನಾವು ಬಲ್ಲೆವು. ಫರ್ಗ್ಯುಸನ್ ಸಲಕರಣೆಯನ್ನು ಮೂರು ಕಡೆ ಹಿಡಿದ. ಕೆಳಗಿನ ಎರಡು ತೋಳುಗಳು ಎಳೆಯುತ್ತವೆ. ನೇಗಿಲು ನೆಲದಲ್ಲಿ ಸಿಕ್ಕಿ ಮುಂದಕ್ಕೆ ಮಗುಚಲು ನೋಡಿದಷ್ಟೂ ಮೇಲಿನ ತೋಳು ಟ್ರ್ಯಾಕ್ಟರಿನ ಬೆನ್ನನ್ನು ಮುಂದಕ್ಕೆ ಒತ್ತುತ್ತದೆ. ಎಂದರೆ, ಟ್ರ್ಯಾಕ್ಟರಿನ ಮೂತಿ ಏಳಬೇಕೆನ್ನುವ ಹೊತ್ತಿಗೆ ಅದನ್ನು ನೆಲಕ್ಕೆ ಹಿಡಿದಿಡುವ ಬಲ ಆ ನೇಗಿಲಿನಿಂದಲೇ ಬರುತ್ತದೆ. ಇದರ ಜೊತೆಗೆ ಎಣ್ಣೆಯ ಒತ್ತಡದಿಂದ ತೋಳುಗಳನ್ನು ಎತ್ತಿ ಇಳಿಸುವ ಹೈಡ್ರಾಲಿಕ್ ಯಂತ್ರವನ್ನೂ ಕೂಡಿಸಿದ. ನೇಗಿಲಿಗೆ ಬೇರೆ ಗಾಲಿ ಬೇಡವಾಯಿತು. ಕೂತಲ್ಲಿಂದಲೇ ಎತ್ತಿ ತಿರುಗಿಸಿಕೊಂಡು ಬರಬಹುದಾಯಿತು.

1936ರಿಂದ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ ಡೇವಿಡ್ ಬ್ರೌನ್ ಕಂಪನಿ ಈ ಪದ್ಧತಿಯ ಟ್ರ್ಯಾಕ್ಟರು ಕಟ್ಟಿತು. 1938ರಲ್ಲಿ ಫರ್ಗ್ಯುಸನ್ ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡನಿಗೆ ಅದನ್ನು ತೋರಿಸಿದ. ಇಬ್ಬರೂ ಕಾಗದ ಪತ್ರವಿಲ್ಲದೆ ಬರೇ ಕೈಕುಲುಕಿ ಒಪ್ಪಂದ ಮಾಡಿಕೊಂಡರು. ಮರುವರ್ಷವೇ ಆ ಟ್ರ್ಯಾಕ್ಟರು ಪೇಟೆಗೆ ಬಂದಿತು. ಕಚೇರಿಯಲ್ಲಿ ಫೈಲು ಕಟ್ಟುವ ನಮ್ಮ ಗುಮಾಸ್ತ ಮಿತ್ರರಿಗೆ ಮುಂದಿನದು ಊಹೆಗೆ ಬಂದಿರಬಹುದು. ಹಿರಿಯ ಫೋರ್ಡನ ಮೊಮ್ಮಗನ ಕಾಲಕ್ಕೆ ಒಪ್ಪಂದ ಮುರಿಯಿತು, ಮೊಕದ್ದಮೆ ನಡೆಯಿತು, 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಅಷ್ಟರಲ್ಲಿ ಫರ್ಗ್ಯುಸನ್ 1946ರಿಂದ ಕೊವೆಂಟ್ರಿಯಲ್ಲಿ ತನ್ನದೇ ಬೂದು ಬಣ್ಣದ ಚಿಕ್ಕ ಟ್ರ್ಯಾಕ್ಟರು ಮಾಡಿಸತೊಡಗಿದ್ದ. ಹತ್ತು ವರ್ಷದಲ್ಲಿ ಅವು ಐದು ಲಕ್ಷಕ್ಕೂ ಮಿಕ್ಕಿ ತಯಾರಾದವು. 1953ರಲ್ಲಿ ಅವನ ಕಂಪನಿ ಮ್ಯಾಸ್ಸಿ ಹ್ಯಾರಿಸ್ ಕಂಪನಿಯೊಡನೆ ಕೂಡಿತು. ಆ ಮ್ಯಾಸ್ಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳನ್ನು ನಮ್ಮ ದೇಶದಲ್ಲಿ ತಯಾರಿಸಲು ಚೆನ್ನೈಯಲ್ಲಿ ಟಾಫೆ ಕಂಪನಿ ಹುಟ್ಟಿದ್ದು 1960ರಲ್ಲಿ. ಫರ್ಗ್ಯುಸನ್ ತೀರಿಕೊಂಡದ್ದೂ ಅದೇ ವರ್ಷ. ಈಗ ಯಾವ ಕಂಪನಿಯ ಟ್ರ್ಯಾಕ್ಟರನ್ನು ನೋಡಿದರೂ ಹಿಂದೆ ಆ ಐರಿಷ್ ರೈತನ ಮಗನ ಮೂರು ತೋಳುಗಳು ಇದ್ದೇ ಇರುತ್ತವೆ.

ಇನ್ನು ಕೈಯಿಂದ ಹೂಡುವ ಕ್ರಮ. ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು ನಿಲ್ಲಿಸಿದ ಮೇಲೆ ಮೊದಲು ಎಡಗಡೆಯ ಕೆಳತೋಳು. ಅದರ ತುದಿಯಲ್ಲಿ ತೂತುಳ್ಳ ಗುಂಡು ಇರುತ್ತದೆ. ಸಲಕರಣೆಯ ಪಿನ್ನು ಅದರೊಳಗೆ ತೂರಬೇಕು, ಹೊರಗಿನಿಂದ ಉಂಗುರವಿರುವ ಚಿಕ್ಕ ಲಿಂಚ್ ಪಿನ್ನು ಹಾಕಬೇಕು. ಎರಡನೆಯದು ಬಲಗಡೆಯ ತೋಳು. ಸಾಮಾನ್ಯವಾಗಿ ಇದನ್ನು ಮೇಲೆ ಕೆಳಗೆ ಮಾಡಲು ತಿರುಗಿಸುವ ಹಿಡಿಕೆ ಉಂಟು. ಆದುದರಿಂದಲೇ ಹೊಂದಿಸಲಾಗದ ಎಡತೋಳನ್ನು ಮೊದಲು, ಹೊಂದಿಸಬಹುದಾದ ಬಲತೋಳನ್ನು ಆಮೇಲೆ ಹಾಕುವ ಪದ್ಧತಿ. ಕಡೆಗೆ ಟಾಪ್ ಲಿಂಕು, ಎಂದರೆ ಮೇಲಿನ ತೋಳು. ಅದನ್ನು ತಿರುಪಿ ಉದ್ದ ಗಿಡ್ಡ ಮಾಡಿ ಕೂಡಿಸಬೇಕು. ಬಿಡುವಾಗ ಇದೇ ಕ್ರಮ ತಿರುಗುಮುರುಗು.

ಸಮ ನೆಲದಲ್ಲಿ, ಬಲ್ಲವನ ಕೈಯಲ್ಲಿ ಇದು ಕೆಲವೇ ನಿಮಿಷದ ಕೆಲಸ. ಆದರೆ ರೋಟಾವೇಟರು ಬದುವಿನ ಪಕ್ಕದಲ್ಲಿ ಓರೆಯಾಗಿ ಕುಳಿತಿರುತ್ತದೆ. ನಾಲ್ಕೈದು ಕ್ವಿಂಟಲಿನ ಅದನ್ನು ಕೈಯಿಂದ ಸರಿಸಲಾಗದು. ಆಗ ಒಬ್ಬ ಹುಡುಗ ಟ್ರ್ಯಾಕ್ಟರಿಗೂ ಸಲಕರಣೆಗೂ ನಡುವೆ ನಿಂತು "ಇನ್ನೊಂಚೂರು ಬರಲಿ, ಇನ್ನೊಂಚೂರು" ಎಂದು ಕೈಬೀಸುತ್ತಾನೆ. ಚಾಲಕ ಕುತ್ತಿಗೆ ಹೊರಳಿಸಿ, ಅರ್ಧ ಕ್ಲಚ್ಚಿನ ಮೇಲೆ ಹಿಂದಕ್ಕೆ ಬಿಡುತ್ತಾನೆ. ಕೆಸರು ಮೆತ್ತಿದ ಚಪ್ಪಲಿ ಕ್ಲಚ್ಚಿನಿಂದ ಜಾರಿತೋ, ಟ್ರ್ಯಾಕ್ಟರು ಎರಡು ಮೂರಡಿ ನೆಗೆಯುತ್ತದೆ. ಹುಡುಗ ನಿಂತಿರುವ ಜಾಗ ಅಷ್ಟು ಅಗಲವಿರುವುದಿಲ್ಲ. ಇದು ಅಜಾಗ್ರತೆಯಿಂದ ನಡೆಯುವ ಅಪಘಾತವೆಂದು ಹೇಳಿ ಮುಗಿಸುವುದು ಸರಿಯಲ್ಲ. ಜಾಗ್ರತೆಯುಳ್ಳ ಚಾಲಕನ ಕಾಲೂ ಜಾರುತ್ತದೆ. ಗಾಲಿ ಉರುಳುತ್ತಿರುವಾಗ ನಡುವೆ ಯಾರೂ ಇರಕೂಡದು ಎಂಬುದೊಂದೇ ಇದಕ್ಕೆ ಉಪಾಯ. ಟ್ರ್ಯಾಕ್ಟರು ನಿಂತು, ಗೇರು ತೆಗೆದು, ಕೈ ಬ್ರೇಕು ಎಳೆದು, ಚಾಲಕ ಕೆಳಗಿಳಿದ ಮೇಲೆಯೇ ಪಿನ್ನಿನ ಕೆಲಸ. ಅರ್ಧ ಅಂಗುಲ ತಪ್ಪಿದ್ದರೆ ಮತ್ತೆ ಹತ್ತಿ, ಮುಂದೆ ಹೋಗಿ, ಮತ್ತೆ ಬರಬೇಕು. ಇದು ಬೇಸರದ ಕೆಲಸ. ಬಿತ್ತನೆಯ ಅವಸರದಲ್ಲಿ ಯಾರೂ ಮಾಡುವುದಿಲ್ಲ. ಕ್ವಿಕ್ ಹಿಚ್‌ಗೆ ಬೆಲೆ ಬರುವುದು ಇಲ್ಲಿಯೇ.

ಸೀಟಿನಿಂದ ಇಳಿಯದೆ ಹೂಡಬೇಕೆಂಬ ಯೋಚನೆ ಹಳೆಯದು. 1950ರ ದಶಕದಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ಫಾಸ್ಟ್ ಹಿಚ್ ಎಂಬುದನ್ನೂ, ಆಲಿಸ್ ಚಾಮರ್ಸ್ ಕಂಪನಿ ಸ್ನ್ಯಾಪ್ ಕಪ್ಲರ್ ಎಂಬುದನ್ನೂ ತಂದವು. ಹಿಂದಕ್ಕೆ ಬಂದರೆ ಸಾಕು, ಸಲಕರಣೆ ತಾನೇ ಸಿಕ್ಕಿಕೊಳ್ಳುತ್ತಿತ್ತು. ಕೆಲಸದಲ್ಲಿ ಇವು ಕೆಟ್ಟವೇನಲ್ಲ. ಆದರೆ ಒಂದು ಕಂಪನಿಯ ಟ್ರ್ಯಾಕ್ಟರಿಗೆ ಆ ಕಂಪನಿಯ ಸಲಕರಣೆಯೇ ಬೇಕು. ರೈತನಾದವನು ನೆರೆಯವನ ಕೂರಿಗೆಯನ್ನು ಒಂದು ದಿನದ ಮಟ್ಟಿಗೆ ಕಡ ತರುವವನು. ಅವನಿಗೆ ಇದು ಒಗ್ಗಲಿಲ್ಲ. ಎಲ್ಲರಿಗೂ ಸಲ್ಲುವ ಮೂರು ತೋಳಿನ ಪದ್ಧತಿಯೇ ಉಳಿಯಿತು. ಅದೇ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಸಹಭಾಗಿತ್ವದಲ್ಲಿ 1963ರಲ್ಲಿ ಮುಂಬಯಿಯಲ್ಲಿ ಮಹೀಂದ್ರದವರ ಟ್ರ್ಯಾಕ್ಟರು ಉದ್ಯಮ ಆರಂಭವಾಯಿತು. ಕಾಂದಿವಲಿಯ ಆ ಕಾರಖಾನೆಯ ಮುಂದೆ ದಿನವೂ ಹಾದುಹೋಗುವ ಓದುಗರು ನಮ್ಮಲ್ಲಿ ಇದ್ದಾರು.

ಈಗಿನ ಕ್ವಿಕ್ ಹಿಚ್ ಎಂಬುದು ಮೂರು ತೋಳುಗಳನ್ನು ತೆಗೆದುಹಾಕುವುದಿಲ್ಲ. ಅವುಗಳ ತುದಿಗೆ ಒಂದು ಚೌಕಟ್ಟನ್ನು ಕಾಯಮ್ಮಾಗಿ ಕೂಡಿಸುತ್ತದೆ. ಒಂದು ಬಗೆಯದು ತಲೆಕೆಳಗಾದ ಯು ಅಕ್ಷರದಂತಿದೆ. ಮೇಲೆ ನಡುವೆ ಬಾಯಿ ಮೇಲಾದ ಕೊಕ್ಕೆ, ಕೆಳಗೆ ಎರಡು ಮೂಲೆಗಳಲ್ಲಿ ಎರಡು ಕೊಕ್ಕೆ. ಕೆಳಗಿನ ಕೊಕ್ಕೆಗಳ ಬಾಯಿಗೆ ಸ್ಪ್ರಿಂಗಿನ ಚಿಲಕ ಉಂಟು. ಚಾಲಕ ಚೌಕಟ್ಟನ್ನು ತಗ್ಗಿಸಿ ಹಿಂದಕ್ಕೆ ಬರುತ್ತಾನೆ. ಮೇಲಿನ ಕೊಕ್ಕೆ ಸಲಕರಣೆಯ ಮೇಲಿನ ಪಿನ್ನಿನ ಕೆಳಗೆ ಬಂದೊಡನೆ ಹೈಡ್ರಾಲಿಕ್ಕಿನಿಂದ ಎತ್ತುತ್ತಾನೆ. ಸಲಕರಣೆ ಆ ಕೊಕ್ಕೆಯಿಂದ ತೂಗಿ, ತನ್ನ ಭಾರದಿಂದಲೇ ಒಳಕ್ಕೆ ವಾಲುತ್ತದೆ. ಕೆಳಗಿನ ಪಿನ್ನುಗಳು ಕೊಕ್ಕೆಯೊಳಗೆ ಕುಳಿತು ಚಿಲಕ ಟಕ್ಕೆಂದು ಬೀಳುತ್ತದೆ. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಹಾಕಿ ಎತ್ತಿದವರಿಗೆ ಇದು ಸುಲಭವಾಗಿ ಅರ್ಥವಾಗುವುದು: ಕೊಡದ ಕಂಠ ಎಲ್ಲಿದೆಯೋ ಅಲ್ಲಿಗೆ ಕೊಕ್ಕೆಯೇ ಹೋಗಬೇಕು, ಕೈ ಹೋಗಬೇಕಾಗಿಲ್ಲ.

ಇನ್ನೊಂದು ಬಗೆ ತ್ರಿಕೋನದ್ದು. ಯೂರೋಪಿನಲ್ಲಿ ಇದರ ಬಳಕೆ ಹೆಚ್ಚು. ಟ್ರ್ಯಾಕ್ಟರಿಗೆ ಒಂದು ತ್ರಿಕೋನ, ಸಲಕರಣೆಗೆ ಅದನ್ನು ಒಳಗೊಳ್ಳುವಂಥ ಇನ್ನೊಂದು ತ್ರಿಕೋನ. ಕೆಳಗಿನಿಂದ ಎತ್ತಿದರೆ ಒಂದು ಇನ್ನೊಂದರೊಳಗೆ ಟೋಪಿಯಂತೆ ಕೂಡುತ್ತದೆ. ಸ್ವಲ್ಪ ಓರೆಯಾಗಿ ಬಂದರೂ ನಡೆಯುತ್ತದೆಂಬುದು ಇದರ ಗುಣ. ಪ್ರತಿಯೊಂದು ಸಲಕರಣೆಗೂ ತ್ರಿಕೋನ ಕೂಡಿಸಬೇಕೆಂಬುದು ದೋಷ. ಮೂರನೆಯದರಲ್ಲಿ ಚೌಕಟ್ಟೇ ಇಲ್ಲ. ತೋಳುಗಳ ತುದಿಯೇ ಕೊಕ್ಕೆಯಾಗಿರುತ್ತದೆ, ಗುಂಡನ್ನು ಸಲಕರಣೆಯ ಪಿನ್ನಿಗೆ ಮೊದಲೇ ಏರಿಸಿಡುತ್ತಾರೆ. ಇವಲ್ಲದೆ ಕೆಲವು ಟ್ರ್ಯಾಕ್ಟರುಗಳಲ್ಲಿ ಕೆಳತೋಳಿನ ತುದಿ ಕೆಲವು ಅಂಗುಲ ಹೊರಗೆ ಜಾರುವಂತೆ ಮಾಡಿರುತ್ತಾರೆ. ಅದನ್ನು ಎಳೆದು ಪಿನ್ನಿಗೆ ಸಿಕ್ಕಿಸಿ, ಟ್ರ್ಯಾಕ್ಟರನ್ನು ಹಿಂದಕ್ಕೆ ಬಿಟ್ಟರೆ ತೋಳು ಒಳಕ್ಕೆ ಸರಿದು ಚಿಲಕ ಬೀಳುತ್ತದೆ. ನಡುವೆ ಒಮ್ಮೆ ಹೋಗಿಬರುವುದು ತಪ್ಪದಿದ್ದರೂ ಬಡವನ ಕ್ವಿಕ್ ಹಿಚ್ ಎಂದು ಇದನ್ನು ಕರೆಯಬಹುದು.

ಎಲ್ಲ ಕೆಲಸವೂ ಸೀಟಿನಿಂದಲೇ ಆಗುತ್ತದೆಂದು ಅಂಗಡಿಯವರು ಹೇಳುವುದುಂಟು. ರೋಟಾವೇಟರಿನ ವಿಷಯದಲ್ಲಿ ಇದು ಪೂರ್ತಿ ನಿಜವಲ್ಲ. ಅದನ್ನು ತಿರುಗಿಸುವ ಪಿ.ಟಿ.ಒ. ಶಾಫ್ಟನ್ನು ಕೈಯಿಂದಲೇ ಕೂಡಿಸಬೇಕು, ಎಂಜಿನು ಬಂದ್ ಮಾಡಿಯೇ ಕೂಡಿಸಬೇಕು. ಲೆಕ್ಕ ಹಾಕಿ ನೋಡಿರಿ. ಆ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಎಂದರೆ ಸೆಕೆಂಡಿಗೆ 9 ಸುತ್ತು. ಟ್ರ್ಯಾಕ್ಟರಿನಿಂದ ಹೊರಬರುವ ಅದರ ತುದಿಯ ದಪ್ಪ 35 ಮಿಲಿಮೀಟರು; ಸುತ್ತಳತೆ ಸುಮಾರು 11 ಸೆಂಟಿಮೀಟರು. ಪಂಚೆಯ ಚುಂಗು ಸಿಕ್ಕಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಮೀಟರು ಬಟ್ಟೆ ಅದಕ್ಕೆ ಸುತ್ತಿಕೊಳ್ಳುತ್ತದೆ. ಅಯ್ಯೋ ಎಂದು ಕೂಗಿ ಚಾಲಕನಿಗೆ ಕೇಳಿಸುವಷ್ಟರಲ್ಲಿ ಪಂಚೆ ಮುಗಿದು ಮನುಷ್ಯನ ಸರದಿ ಬಂದಿರುತ್ತದೆ. ಶಾಫ್ಟಿನ ಮೇಲೆ ಕಂಪನಿಯವರು ಕೊಟ್ಟಿರುವ ಪ್ಲಾಸ್ಟಿಕ್ಕಿನ ಹೊದಿಕೆಯನ್ನು ಅಡ್ಡವೆಂದು ಕಿತ್ತೆಸೆಯುವವರು ಈ ಲೆಕ್ಕವನ್ನು ಒಮ್ಮೆ ಮಾಡಬೇಕು.

ಚೌಕಟ್ಟು ಹಾಕಿಸಿದರೆ ಇನ್ನೂ ಒಂದು ಸಂಗತಿ ಉಂಟು. ಸಲಕರಣೆ ಮೊದಲಿಗಿಂತ ಮೂರು ನಾಲ್ಕು ಅಂಗುಲ ಹಿಂದಕ್ಕೆ ಹೋಗುತ್ತದೆ. ಒಂದರೊಳಗೊಂದು ಜಾರುವ ಎರಡು ಕೊಳವೆಗಳ ಆ ಶಾಫ್ಟು ಅಷ್ಟು ಹೊರಗೆ ಎಳೆದುಕೊಂಡು, ಒಳಗೆ ಉಳಿಯುವ ಭಾಗ ಕಡಿಮೆಯಾಗುತ್ತದೆ. ಶಾಫ್ಟಿನ ಉದ್ದದ ಮೂರನೆಯ ಒಂದು ಪಾಲಾದರೂ ಒಂದರೊಳಗೊಂದು ಇರಬೇಕು; ಇಲ್ಲವಾದರೆ ಉದ್ದನೆಯ ಶಾಫ್ಟು ಬೇಕಾಗುತ್ತದೆ. ಮತ್ತೆ, ಭಾರ ಹಿಂದಕ್ಕೆ ಹೋದಷ್ಟೂ ಮುಂದಿನ ಗಾಲಿ ಹಗುರವಾಗುತ್ತದೆ. ದೊಡ್ಡ ಟ್ರ್ಯಾಕ್ಟರಿಗೆ ಇದೇನೂ ದೊಡ್ಡದಲ್ಲ. ಚಿಕ್ಕ ಟ್ರ್ಯಾಕ್ಟರು ಮೊದಲೇ ಭಾರದ ರೋಟಾವೇಟರು ಎತ್ತಿ ಮೂತಿ ಆಡಿಸುತ್ತಿದ್ದರೆ ಮುಂದೆ ತೂಕದ ಬಿಲ್ಲೆ ಹಾಕಿಸದೆ ಆಗದು.

ಹಾಗಾದರೆ ಹಣ ಕಳಿಸಬೇಕೋ ಬೇಡವೋ? ನಮ್ಮ ಅಭಿಪ್ರಾಯ ಹೇಳುವುದಾದರೆ, ವರ್ಷವಿಡೀ ಒಂದೇ ಕಲ್ಟಿವೇಟರು ಬೆನ್ನಿಗಿಟ್ಟುಕೊಂಡು ತಿರುಗುವ ಟ್ರ್ಯಾಕ್ಟರಿಗೆ ಇದು ಬೇಡ. ಟ್ರೇಲರು ಎಳೆಯುವುದೇ ಮುಖ್ಯ ಉದ್ಯೋಗವಾಗಿದ್ದರೂ ಬೇಡ. ಟ್ರೇಲರಿನ ಕೊಂಡಿಯೇ ಬೇರೆ. ಬಾಡಿಗೆಗೆ ಹೋಗುವ ಟ್ರ್ಯಾಕ್ಟರು, ಹಂಗಾಮಿನಲ್ಲಿ ದಿನಕ್ಕೆರಡು ಸಲ ಸಲಕರಣೆ ಬದಲಿಸುವುದು, ಅದರಲ್ಲಿಯೂ ಚಾಲಕ ಒಬ್ಬಂಟಿಯಾಗಿರುವುದು ಇಲ್ಲವೆ ಮನೆಯ ಹುಡುಗರನ್ನು ನಡುವೆ ನಿಲ್ಲಿಸುತ್ತಿರುವುದು — ಇಂಥಲ್ಲಿ ಆ ಹಣ ದಂಡವಲ್ಲ. ಹಣಕ್ಕೆ ಅಡಚಣೆ ಇದ್ದರೆ ಹುಡುಗನನ್ನು ನಡುವೆ ನಿಲ್ಲಿಸಬೇಡಿರೆಂದು ಹೇಳಿದರೂ ಅರ್ಧ ಪ್ರಯೋಜನ ಬಂದಂತೆಯೇ, ಅದಕ್ಕೆ ಖರ್ಚಿಲ್ಲ.

ಹಾಕಿಸುವುದೇ ಆದರೆ ಮೊದಲು ಅಳತೆ ತರಿಸಿಕೊಳ್ಳಬೇಕು. ಈ ಜೋಡಣೆಗಳಿಗೆ ವರ್ಗಗಳುಂಟು. ಚಿಕ್ಕ ಟ್ರ್ಯಾಕ್ಟರಿನ ಒಂದನೆಯ ವರ್ಗದಲ್ಲಿ ಕೆಳಗಿನ ಪಿನ್ನು 22 ಮಿಲಿಮೀಟರು, ಮೇಲಿನದು 19. ದೊಡ್ಡದರ ಎರಡನೆಯ ವರ್ಗದಲ್ಲಿ ಕೆಳಗಿನದು 28, ಮೇಲಿನದು 25. ಕೆಳಗಿನ ಎರಡು ಪಿನ್ನುಗಳ ನಡುವಣ ಅಗಲ ಒಂದನೆಯದಕ್ಕೆ 683 ಮಿಲಿಮೀಟರು, ಎರಡನೆಯದಕ್ಕೆ 825. ಎರಡಕ್ಕೂ ಹೊಂದುವ ಗುಂಡುಗಳಿರುವ ತೋಳುಗಳೂ ಸಿಗುತ್ತವೆ. ಕೈಯಿಂದ ಹೂಡುವಾಗ ತೋಳುಗಳು ಅತ್ತಿತ್ತ ಆಡುವುದರಿಂದ ಸಲಕರಣೆಯ ಅಳತೆ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ನಡೆದುಹೋಗುತ್ತದೆ. ಚೌಕಟ್ಟಿನ ಕೊಕ್ಕೆಗಳು ಹಾಗೆ ಆಡುವುದಿಲ್ಲ. ಊರಿನ ಕಮ್ಮಾರಶಾಲೆಯಲ್ಲಿ ಮಾಡಿಸಿದ ಕುಂಟೆ, ಕೂರಿಗೆಗಳನ್ನು ಒಂದೊಂದಾಗಿ ಅಳೆದು ನೋಡಬೇಕು. ಕೆಳಗಿನ ಪಿನ್ನುಗಳಿಂದ ಮೇಲಿನ ಪಿನ್ನಿನ ಎತ್ತರವನ್ನೂ ಅಳೆಯಬೇಕು. ಅಮೆರಿಕದ ಪ್ರಮಾಣದ ಯು ಚೌಕಟ್ಟಿನಲ್ಲಿ ಇದು 15 ಅಂಗುಲ. ಒಂದನೆಯ ವರ್ಗದ ಸಾಮಾನ್ಯ ಸಲಕರಣೆಗಳಲ್ಲಿ ಇದು 18 ಅಂಗುಲದಷ್ಟು ಇರುವುದುಂಟು. ಮೇಲಿನ ಕೊಕ್ಕೆಯನ್ನು ಸರಿಸಿ ಹೊಂದಿಸುವ ಅನುಕೂಲವಿರುವ ಚೌಕಟ್ಟಾದರೆ ಅಡ್ಡಿಯಿಲ್ಲ.

ಬಳಕೆಯಲ್ಲಿ ಕೆಲವು ಮಾತು. ಚಿಲಕ ಬಿದ್ದ ಸದ್ದನ್ನು ನಂಬಕೂಡದು. ಕೊಕ್ಕೆಯಲ್ಲಿ ಕೆಸರು ತುಂಬಿದ್ದರೆ ಅರ್ಧ ಬಿದ್ದು ನಿಲ್ಲುತ್ತದೆ. ಸಲಕರಣೆಯನ್ನು ನೆಲದಿಂದ ಒಂದು ಗೇಣು ಎತ್ತಿ, ಎರಡೂ ಚಿಲಕಗಳನ್ನು ಕಣ್ಣಿನಿಂದ ನೋಡಿದ ಮೇಲೆಯೇ ರಸ್ತೆಗೆ ಬರಬೇಕು. ಮೇಲಿನ ಕೊಕ್ಕೆಗೆ ಸರಪಣಿ ಹಾಕಿ ಮರದ ಬೊಡ್ಡೆ ಕೀಳುವುದು, ಸಿಕ್ಕಿಬಿದ್ದ ಗಾಡಿ ಎಳೆಯುವುದು ಕೂಡದು. ಹಿಂದಿನ ಅಚ್ಚಿಗಿಂತ ಎತ್ತರದಿಂದ ಎಳೆದರೆ ಫೋರ್ಡ್‌ಸನ್ನಿಗೆ ಆದ ಗತಿಯೇ ಇದಕ್ಕೂ ಆಗುವುದು, ಎಷ್ಟು ಹೊಸ ಟ್ರ್ಯಾಕ್ಟರಾದರೂ ಸರಿಯೆ. ಬಿಡುವಾಗ ಪಿ.ಟಿ.ಒ. ಶಾಫ್ಟನ್ನೂ ಎಣ್ಣೆಯ ಪೈಪುಗಳನ್ನೂ ಮೊದಲು ಬಿಚ್ಚಿ, ಆಮೇಲೆ ಚಿಲಕ ತೆಗೆದು ಮುಂದೆ ಹೋಗಬೇಕು. ಇದನ್ನು ಮರೆತು ಪೈಪು ಹರಿದುಕೊಳ್ಳುವುದು ಕ್ವಿಕ್ ಹಿಚ್ ಇರುವವರ ಮನೆಯಲ್ಲಿಯೇ ಹೆಚ್ಚು. ಸಲಕರಣೆಯನ್ನು ಸಮ ನೆಲದಲ್ಲಿ, ಊರುಗಾಲು ಕೊಟ್ಟು, ಕೆಳಗೆ ಹಲಗೆ ಹಾಕಿ ನಿಲ್ಲಿಸಬೇಕು. ಮಳೆಗೆ ಒಂದು ಕಡೆ ಕುಸಿದು ಓರೆಯಾದ ರೋಟಾವೇಟರನ್ನು ಯಾವ ಕ್ವಿಕ್ ಹಿಚ್ಚೂ ಹಿಡಿಯದು. ಮತ್ತೆ ಯಾರನ್ನಾದರೂ ನಡುವೆ ನಿಲ್ಲಿಸಿಕೊಂಡೇ ಹೂಡಬೇಕಾಗುತ್ತದೆ.